ಕದ್ದ ಮಡಿಕೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷ ಹಾಸಿಗೆ ಬಟ್ಟೆ ಮಡಚಿದ ಹೆಂಗಸೊಬ್ಬಳು ಫೋನಿನಲ್ಲಿ ಆಡುವ ಆಟವೊಂದನ್ನು ತಾನೇ ಕೂತು ಬರೆದಳು ಎಂದರೆ ಜನ ಮೊದಲು ನಗುತ್ತಾರೆ. ನಗಲಿ. ನಾನೂ ನಕ್ಕವಳೇ. ಮಡಚುವ ಮೇಜಿನ ಆ ತುದಿ ಅವಳದು, ಈ ತುದಿ ನನ್ನದು. ನಮ್ಮಿಬ್ಬರ ನಡುವೆ ದಿನಕ್ಕೆ ನಾನೂರು ಹಾಸುಬಟ್ಟೆ ಓಡಾಡುತ್ತಿದ್ದವು.

ಎಲ್ಲರೂ ಅವಳನ್ನು ಮಡಿಕೆಯಕ್ಕ ಎನ್ನುತ್ತಿದ್ದರು. ಕೈ ಅಷ್ಟು ಚುರುಕು. ಸಿಟ್ಟು ಕೈಗಿಂತ ಚುರುಕು. ಒಮ್ಮೆ ಒಬ್ಬ ದೊಡ್ಡ ಡಾಕ್ಟರು ಅವಸರದಲ್ಲಿ ಹೊಸದಾಗಿ ಒಗೆದ ಹಾಸಿನಿಂದ ಬೂಟು ಒರೆಸಿಕೊಂಡಿದ್ದರು. ಅಕ್ಕ ಆ ಹಾಸನ್ನು ನಾಲ್ಕನೇ ಮಹಡಿಯವರೆಗೆ ಹೊತ್ತುಕೊಂಡು ಹೋಗಿ, ಅವರ ಮೇಜಿನ ಮೇಲಿದ್ದ ಕಾಗದಪತ್ರಗಳ ಮೇಲೆ ನೀಟಾಗಿ ಹಾಸಿ, ನಾಲ್ಕೂ ಮೂಲೆ ಎಳೆದು ಸರಿಮಾಡಿ, ಒಂದು ಮಾತೂ ಆಡದೆ ಇಳಿದು ಬಂದಿದ್ದಳು.

ಅವಳಿಗೆ ನಲವತ್ತೊಂದಾಗಿದ್ದಾಗ ಬಲಭುಜ ಹಿಡಿದುಕೊಂಡಿತು. ಆರು ತಿಂಗಳು ಕೈ ಮೇಲೆತ್ತುವಂತಿರಲಿಲ್ಲ. ಮೇಲ್ವಿಚಾರಕರು ಅವಳನ್ನು ಬಾಗಿಲ ಪಕ್ಕದ ಕಂಪ್ಯೂಟರಿನ ಮುಂದೆ ಕೂರಿಸಿದರು. ಯಾವ ಟ್ರಾಲಿ ಯಾವ ವಾರ್ಡಿಗೆ ಹೋಯಿತೆಂದು ಒತ್ತುವುದಷ್ಟೇ ಕೆಲಸ. ಸುಮ್ಮನೆ ಕೂರುವುದು ಅವಳ ಜಾಯಮಾನವಲ್ಲ. ಈ ಪೆಟ್ಟಿಗೆ ಒಳಗೆ ಏನು ಮಾಡುತ್ತದೆ ಎಂದು ಕೆದಕಲು ಶುರುಮಾಡಿದಳು. ಸಾರ್ವಜನಿಕ ಗ್ರಂಥಾಲಯದಲ್ಲಿ ಶನಿವಾರ ಬೆಳಗ್ಗೆ ಕೋಡ್ ಬರೆಯುವುದನ್ನು ಪುಕ್ಕಟೆ ಕಲಿಸುತ್ತಾರೆ ಎಂದು ತಿಳಿದು, ತನಗಿಂತ ಇಪ್ಪತ್ತು ವರ್ಷ ಚಿಕ್ಕವರ ನಡುವೆ ಹೋಗಿ ಕೂತಳು. ಭುಜ ಸರಿಹೋಗಿ ಮೇಜಿಗೆ ಮರಳಿದ ಮೇಲೂ ಶನಿವಾರ ತಪ್ಪಿಸಲಿಲ್ಲ.

ಆಟ ಹುಟ್ಟಿದ್ದು ನಮ್ಮ ಮೇಜಿನ ಮೇಲೆಯೇ. ಎಷ್ಟು ಕುದಿಸಿ ಒಗೆದರೂ ಕೆಲವು ಹಾಸುಗಳಲ್ಲಿ ಔಷಧಿಯ ಹಳದಿ ಕಲೆ ಉಳಿದುಬಿಡುತ್ತದೆ. ಬಟ್ಟೆ ಶುದ್ಧ, ನೋಡಲು ಮಾತ್ರ ಚೆಂದವಿಲ್ಲ. ಕಪಾಟಿನಲ್ಲಿ ಅದು ಕಾಣಬಾರದು. ಕಲೆಯೆಲ್ಲ ಒಳಗೆ ಹೋಗುವಂತೆ, ಬಿಳುಪು ಮಾತ್ರ ಹೊರಗೆ ಬರುವಂತೆ, ಕಡಿಮೆ ಮಡಿಕೆಯಲ್ಲಿ ಮಡಚಬೇಕು. ಅವಳ ಆಟವೂ ಅದೇ. ಒಂದು ಚೌಕ ಬಟ್ಟೆ, ಅಲ್ಲಲ್ಲಿ ಕಲೆ, ಇಷ್ಟೇ ಮಡಿಕೆ ಎಂಬ ಮಿತಿ. ಕೇಳಿದರೆ ಮಕ್ಕಳಾಟ, ಹತ್ತನೇ ಹಂತ ದಾಟುವಷ್ಟರಲ್ಲಿ ತಲೆ ಗಿರ್ರೆನ್ನುತ್ತದೆ. ಅರವತ್ತು ಹಂತ ಮಾಡಿದಳು. ಒಂದೊಂದು ಹಂತವನ್ನೂ ಮೊದಲು ಹಳೆಯ ದಿಂಬಿನ ಕವರಿನ ಮೇಲೆ ಪೆನ್ನಿನಿಂದ ಚುಕ್ಕಿ ಇಟ್ಟು, ನಿಜವಾಗಿ ಮಡಚಿ ನೋಡಿ, ಆಮೇಲೆ ಕಂಪ್ಯೂಟರಿಗೆ ಇಳಿಸಿದಳು. ಎಲ್ಲ ಸೇರಿ ನಾಲ್ಕು ವರ್ಷ ಹಿಡಿಯಿತು.

ಆಟದಲ್ಲಿ ಮಡಿಕೆ ಬಿದ್ದಾಗ ಬರುವ ಸದ್ದು ನನ್ನದೂ ಹೌದು. ಒಂದು ಮಧ್ಯಾಹ್ನ ಒಣಗಿಸುವ ಯಂತ್ರಗಳನ್ನೆಲ್ಲ ನಿಲ್ಲಿಸಿ, ಅಕ್ಕ ಒಂದು ಕಡೆ ನಾನೊಂದು ಕಡೆ ಹಾಸು ಹಿಡಿದು ಝಾಡಿಸಿದೆವು. ಭಾವ, ಎಂದರೆ ಅಕ್ಕನ ಗಂಡ, ಲಿಫ್ಟ್ ರಿಪೇರಿ ಮಾಡುವವರು, ಉಸಿರು ಬಿಗಿಹಿಡಿದು ಫೋನು ಒಡ್ಡಿ ನಿಂತಿದ್ದರು. ಫಟ್ ಎಂದು ಸೊಗಸಾಗಿ ಬಂತು. ಅದರ ಬಾಲಕ್ಕೆ, ಯಾರೋ ಹೊರಗೆ ತಳ್ಳಿದ ನಾಲ್ಕನೇ ನಂಬರ್ ಟ್ರಾಲಿಯ ಚಕ್ರ ಕೀಂಯ್ ಎಂದಿತು.

"ಛೆ, ಹಾಳಾಯ್ತು," ಅಂದೆ ನಾನು.

"ಇರಲಿ ಬಿಡೆ. ನಮ್ಮನೆ ಸದ್ದು ಅಲ್ವಾ," ಅಂದಳು ಅಕ್ಕ.

ಆಟಕ್ಕೆ 'ಮಡಿಕೆ' ಎಂದೇ ಹೆಸರಿಟ್ಟಳು. ಹುಡುಕುವವರು ಒಂದಕ್ಷರ ತಪ್ಪಿಸಿ ಮಡಕೆ ಎಂದು ಒತ್ತಿದರೆ ಕುಂಬಾರರ ವಿಡಿಯೋಗಳು ಬರುತ್ತಿದ್ದವು. ಆದರೂ ಜನ ಹೇಗೋ ಹುಡುಕಿಕೊಂಡು ಬಂದರು. ಒಂದು ಲೋಟ ಚಹಾದ ಬೆಲೆ ಕೊಟ್ಟು ಇಳಿಸಿಕೊಂಡರೆ ಮುಗಿಯಿತು, ಮಧ್ಯೆ ಜಾಹೀರಾತಿನ ಕಾಟವಿಲ್ಲ. ಕಾಲು ಮುರಿದುಕೊಂಡು ಮಲಗಿದ್ದ ರೋಗಿಯೊಬ್ಬ ಮೂರನೇ ವಾರ್ಡಿನಿಂದ ಚೀಟಿ ಕಳಿಸಿದ್ದ: ಮೂವತ್ತನೆಯದು ಹೇಗೆ ಮಡಚೋದು, ದಯವಿಟ್ಟು ಹೇಳಿ, ನಿದ್ದೆ ಬರ್ತಿಲ್ಲ. ಅಕ್ಕ ಉತ್ತರ ಬರೆಯಲಿಲ್ಲ. ಚುಕ್ಕಿ ಇಟ್ಟ ದಿಂಬಿನ ಕವರನ್ನೇ ಕಳಿಸಿದಳು.

ಹೀಗೆ ಐದು ತಿಂಗಳು ಚೆನ್ನಾಗಿಯೇ ನಡೆಯಿತು.

ಒಂದು ದಿನ ಚಹಾ ಹೊತ್ತಿನಲ್ಲಿ ಆಂಬುಲೆನ್ಸ್ ಡ್ರೈವರು ಲಾಂಡ್ರಿಯ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಮುಳುಗಿದ್ದರು. ಅಕ್ಕ ಹಿಂದಿನಿಂದ ಬಗ್ಗಿ ನೋಡಿದಳು. ಕಲೆಗಳು ಇದ್ದ ಜಾಗದ ಮೇಲೇ ಅವಳಿಗೆ ಗುರುತು ಹತ್ತಿತು.

"ಇಪ್ಪತ್ಮೂರನೇದಲ್ವಾ? ಎಡಗಡೆಯಿಂದ ಶುರು ಮಾಡಿ," ಅಂದಳು, ಮುಖವೆಲ್ಲ ಹಿಗ್ಗಿ.

"ಅರೆ, ನೀವೂ ಆಡ್ತೀರಾ ಈ ಬೆಕ್ಕಿನ ಗೇಮು?" ಅಂದರು ಡ್ರೈವರು.

"ಯಾವ ಬೆಕ್ಕು?"

ಅವರು ಮಡಿಕೆ ಮುಗಿಸಿದರು. ಗುಲಾಬಿ ಬಣ್ಣದ ಬೆಕ್ಕೊಂದು ಹಾರಿಬಂದು ಸೊಂಟ ಕುಣಿಸಿತು. ಹಿಂದೆಯೇ ಹಲ್ಲುಜ್ಜುವ ಪೇಸ್ಟಿನ ಜಾಹೀರಾತು ಬಂತು. ಬಿಳಿ ಹಾಸಿನ ಜಾಗದಲ್ಲಿ ಬಣ್ಣದ ಕರವಸ್ತ್ರ, ಕಲೆಯ ಜಾಗದಲ್ಲಿ ಕೆಸರಿನ ಹೆಜ್ಜೆಗುರುತು. ಉಳಿದದ್ದೆಲ್ಲ ಅದೇ. ಅಕ್ಕ ಫೋನು ಕಿತ್ತುಕೊಂಡು ಹಂತಗಳನ್ನು ಒಂದೊಂದಾಗಿ ತೆರೆದಳು. ಇಪ್ಪತ್ತೆರಡು, ಇಪ್ಪತ್ತೊಂದು. ಕೆಲವನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿದ್ದರು, ಕೆಲವಕ್ಕೆ ಅಷ್ಟು ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ.

"ನಲವತ್ತೊಂದು ಎಲ್ಲಿ?" ಅಂದಳು.

"ಅಲ್ಲಿಗೆ ನಾನಿನ್ನೂ ಹೋಗಿಲ್ಲಮ್ಮ."

ಅಕ್ಕ ನಿಂತಲ್ಲೇ ಆಡುತ್ತ ಹೋದಳು. ನಲವತ್ತೊಂದನೇ ಹಂತದಲ್ಲಿ ಅವಳದೊಂದು ತಪ್ಪಿತ್ತು. ಒಂದು ಕಲೆಯನ್ನು ಅರ್ಧ ಇಂಚು ಆಚೆ ಇಟ್ಟು, ಬೇಕಾದ್ದಕ್ಕಿಂತ ಒಂದು ಮಡಿಕೆ ಹೆಚ್ಚು ಕೊಟ್ಟುಬಿಟ್ಟಿದ್ದಳು. ಸರಿಮಾಡಬೇಕು, ಮಾಡಬೇಕು ಎಂದುಕೊಂಡೇ ದಿನ ಕಳೆದಿದ್ದಳು. ಬೆಕ್ಕಿನ ಆಟದಲ್ಲೂ ಅದೇ ಕಲೆ, ಅದೇ ಅರ್ಧ ಇಂಚು, ಅದೇ ಹೆಚ್ಚಿನ ಮಡಿಕೆ.

"ತಪ್ಪನ್ನೂ ಬಿಟ್ಟಿಲ್ಲ ಕಣೇ, ತಪ್ಪನ್ನೂ ಕದ್ದಿದ್ದಾರೆ," ಅಂದಳು. ಅವತ್ತು ಅವಳು ಮಡಚಿದ ಹಾಸುಗಳನ್ನು ನಾನು ಮತ್ತೆ ಬಿಚ್ಚಿ ಮಡಚಬೇಕಾಯಿತು. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

ಪುರಸಭೆ ಕಟ್ಟಡದ ಎರಡನೇ ಮಹಡಿಯಲ್ಲಿ ಬುಧವಾರ ಬುಧವಾರ ಉಚಿತ ಕಾನೂನು ಸಲಹೆ ಕೊಡುತ್ತಾರೆ. ಟೋಕನ್ ಹಿಡಿದು, ಗೋಡೆಗೆ ಮೊಳೆ ಹೊಡೆದು ಜೋಡಿಸಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮೂರು ಗಂಟೆ ಕಾದೆವು. ಅಕ್ಕನ ತೊಡೆಯ ಮೇಲೆ ದಿಂಬಿನ ಕವರುಗಳ ಗಂಟು. ಒಳಗಿದ್ದ ವಕೀಲೆಗೆ ಅರವತ್ತರ ಮೇಲಿರಬೇಕು. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಮೊದಲು ಅಕ್ಕನ ಆಟ ಆಡಿದರು. ಒಂದು ಹಂತ, ಇನ್ನೊಂದು, ಮತ್ತೊಂದು.

"ಅಯ್ಯೋ, ಬಿಡೋಕೇ ಮನಸ್ಸಾಗಲ್ವಲ್ಲಮ್ಮ ಇದು," ಅಂದರು. ಆಮೇಲೆ ಬೆಕ್ಕಿನ ಆಟ ಆಡಿದರು. ಫೋನನ್ನು ಮೇಜಿನ ಮೇಲೆ ಕವುಚಿಟ್ಟರು.

"ಕದ್ದಿದ್ದಾರೆ, ಅನುಮಾನವೇ ಇಲ್ಲ. ಆದರೆ ಕಾನೂನು ಇದನ್ನ ಕಳ್ಳತನ ಅನ್ನಲ್ಲ."

"ಅಂದ್ರೆ?"

"ಚದುರಂಗ ಗೊತ್ತಲ್ವಾ? ಕುದುರೆ ಹೇಗೆ ಹಾರಬೇಕು ಅನ್ನೋದಕ್ಕೆ ಯಾರೂ ಯಜಮಾನರಿಲ್ಲ. ಆದರೆ ನೀವು ಕೈಯಾರೆ ಕೆತ್ತಿದ ಕುದುರೆ ನಿಮ್ಮದು. ಅದರ ಅಚ್ಚು ಹೊಡೆದು ಮಾರಿದ್ರೆ ಹಿಡೀಬಹುದು. ಆಟದ ನಿಯಮ, ಆಡೋ ವಿಧಾನ, ಕಲೆ ಒಳಗೆ ಹೋಗಬೇಕು ಅನ್ನೋ ಯೋಚನೆ, ಇದಕ್ಕೆಲ್ಲ ಕಾಪಿರೈಟ್ ಇಲ್ಲ. ನೀವು ಬಿಡಿಸಿದ ಚಿತ್ರ, ನೀವು ಬರೆದ ಕೋಡು, ಮಾತು, ಸಂಗೀತ, ಇವಕ್ಕೆ ಇದೆ. ಅವರು ಅದನ್ನೆಲ್ಲ ಬದಲಾಯಿಸಿಬಿಟ್ಟಿದ್ದಾರೆ."

"ಕಲೆ ಎಲ್ಲೆಲ್ಲಿ ಇಡಬೇಕು ಅಂತ ನಾಲ್ಕು ವರ್ಷ ತಲೆ ಕೆಡಿಸ್ಕೊಂಡಿದ್ದೀನಿ ಮೇಡಂ. ಅದು ಚಿತ್ರ ಅಲ್ವಾ?" ಅಕ್ಕ ಗಂಟು ಬಿಚ್ಚಿ ಕವರುಗಳನ್ನು ಮೇಜಿನ ತುಂಬ ಹರಡಿದಳು.

ವಕೀಲೆ ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿದರು. "ಅರವತ್ತರ ಜೋಡಣೆಯನ್ನೇ ಎತ್ತಿದ್ದಾರೆ ಅಂತ ವಾದ ಮಾಡಬಹುದು. ಸುಳ್ಳು ಹೇಳಲ್ಲ, ಗೆದ್ದರೂ ಗೆಲ್ಲಬಹುದು. ಆದರೆ ಅವರ ಕಚೇರಿ ಯಾವ ದೇಶದಲ್ಲಿದೆಯೋ ಗೊತ್ತಿಲ್ಲ, ವರ್ಷಗಟ್ಟಲೆ ಎಳೆಯುತ್ತೆ. ನಿಮ್ಮ ಕೈಲಾಗುತ್ತಾ?"

ಅಕ್ಕ ಕವರುಗಳನ್ನು ಒಂದೊಂದಾಗಿ ಮಡಚತೊಡಗಿದಳು.

"ಇನ್ನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಅಂದರು ವಕೀಲೆ. "ನಿಯಮಕ್ಕೂ ಬೀಗ ಹಾಕೋ ಹಾಗಿದ್ರೆ, ದೊಡ್ಡ ಕಂಪನಿಗಳು ಮೊದಲೇ ಬಂದು ಆಟದಲ್ಲಿ ಹಾರೋದು ನಮ್ಮದು, ಜೋಡಿಸೋದು ನಮ್ಮದು ಅಂತ ಬೋರ್ಡ್ ನೆಡ್ತಿದ್ವು. ಆಗ ನಿಮ್ಮಂಥವರಿಗೆ ಕಾಲಿಡೋಕೂ ಜಾಗ ಇರ್ತಿರಲಿಲ್ಲ. ಅರ್ಥ ಆಯ್ತಾ?"

"ಅರ್ಥ ಆಯ್ತು ಮೇಡಂ," ಅಂದಳು ಅಕ್ಕ. "ಅರ್ಥ ಆದ್ರೆ ಸಿಟ್ಟು ಇಳಿಯುತ್ತೆ ಅಂತ ಯಾರು ಹೇಳಿದ್ರು ನಿಮಗೆ?"

ವಕೀಲೆಗೆ ಕೋಪ ಬರಲಿಲ್ಲ. ಹೊರಡುವಾಗ ಕರೆದು, "ಒಂದು ಕೆಲಸ ಮಾಡಿ. ಯಾವುದಾದ್ರೂ ಒಂದನ್ನ ಬದಲಾಯಿಸದೆ ಹಾಗೇ ಎತ್ತಿಕೊಂಡಿದ್ದಾರಾ ಹುಡುಕಿ. ಒಂದು ಚಿತ್ರ, ಒಂದು ಸಾಲು, ಒಂದು ಸದ್ದು. ಸೋಮಾರಿಗಳು ಎಲ್ಲಾದ್ರೂ ಒಂದು ಕಡೆ ಸಿಕ್ಕಿಬೀಳ್ತಾರೆ," ಅಂದರು.

ಬಸ್ಸಿನಲ್ಲಿ ಅಕ್ಕ ಚಿತ್ರಗಳನ್ನು ನೋಡುತ್ತಿದ್ದಳು. ನಾನು ಸುಮ್ಮನೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಬೆಕ್ಕಿನ ಆಟದಲ್ಲಿ ಒಂದು ಮಡಿಕೆ ಹಾಕಿದೆ. ಮೇಲೆ ಟಿಣಿಟಿಣಿ ಗೆಜ್ಜೆಯ ಸದ್ದು ಸುರಿದಿದ್ದರು. ಅದರಡಿಯಲ್ಲಿ ಫಟ್ ಎಂದಿತು. ಆಮೇಲೆ, ತೀರಾ ಸಣ್ಣಗೆ, ಕೀಂಯ್.

"ಅಕ್ಕಾ! ನಾಲ್ಕನೇ ನಂಬರ್ ಟ್ರಾಲಿ!" ಎಂದು ಕಿರುಚಿಬಿಟ್ಟೆ. ಯಾರೋ ಬಾಗಿಲಿಗೆ ಕೈ ಸಿಕ್ಕಿಸಿಕೊಂಡರೇನೋ ಎಂದು ಕಂಡಕ್ಟರ್ ಬಸ್ಸು ನಿಲ್ಲಿಸಿಬಿಟ್ಟ.

ವಕೀಲೆಯೇ ದೂರು ಬರೆದುಕೊಟ್ಟರು. ಭಾವನ ಫೋನಿನಲ್ಲಿದ್ದ ಮೂಲ ಧ್ವನಿ, ಅದರ ದಿನಾಂಕ, ನಮ್ಮ ಟ್ರಾಲಿಯ ಚಕ್ರದ ಹೊಸ ರೆಕಾರ್ಡಿಂಗು, ಎಲ್ಲವನ್ನೂ ಫೋನಿನಲ್ಲಿ ಆಟಗಳ ಅಂಗಡಿ ನಡೆಸುವವರಿಗೆ ಕಳಿಸಿದೆವು. ಒಂಬತ್ತನೇ ದಿನ ಬೆಕ್ಕು ಮಾಯವಾಯಿತು. ಅಕ್ಕ ಅವತ್ತು ಲಾಂಡ್ರಿಯಲ್ಲಿದ್ದ ಹದಿನಾಲ್ಕು ಜನಕ್ಕೂ ಚಹಾ ಕೊಡಿಸಿದಳು.

ಮೂರೇ ದಿನ. ನಾಲ್ಕನೇ ದಿನ ಬೆಕ್ಕು ವಾಪಸ್ಸು ಬಂತು. ಫಟ್ ಇರಲಿಲ್ಲ, ಕೀಂಯ್ ಇರಲಿಲ್ಲ, ಬೇರೆ ಯಾವುದೋ ಸದ್ದು. ಅರವತ್ತೂ ಹಂತ ಎಲ್ಲಿದ್ದವೋ ಅಲ್ಲೇ ಇದ್ದವು. ಜೊತೆಗೊಂದು ಸಾಲಿನ ಪತ್ರ: ವಿವಾದಿತ ಧ್ವನಿಯನ್ನು ತೆಗೆದಿದ್ದೇವೆ, ನಮ್ಮ ಆಟ ಸ್ವತಂತ್ರ ಕೃತಿ.

ಅಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳಬಹುದಿತ್ತು. ಬೆಕ್ಕಿನ ಆಟವನ್ನು ಆಗಲೇ ಹತ್ತಾರು ಲಕ್ಷ ಜನ ಇಳಿಸಿಕೊಂಡಿದ್ದರು. ಅದನ್ನು ಆಡಿದವರು ಅಕ್ಕನ ಆಟ ಕಂಡು ಕೆಳಗೆ ಷರಾ ಬರೆಯತೊಡಗಿದರು. ಬೆಕ್ಕಿನ ಗೇಮಿನ ನಕಲು. ನಾಚಿಕೆ ಆಗಲ್ವಾ? ಅವರು ಫ್ರೀ ಕೊಡ್ತಾರೆ, ಈ ಕಳ್ಳರು ಕಾಸು ಕೇಳ್ತಾರೆ. ಒಂದು ನಕ್ಷತ್ರ, ಮತ್ತೊಂದು ನಕ್ಷತ್ರ. ಅಕ್ಕ ಮೊದಮೊದಲು ಒಬ್ಬೊಬ್ಬರಿಗೂ ಉತ್ತರ ಬರೆದಳು: ನನ್ನದು ಐದು ತಿಂಗಳು ಮೊದಲಿನದು, ದಿನಾಂಕ ನೋಡಿ. ಯಾರು ದಿನಾಂಕ ನೋಡುತ್ತಾರೆ? ಒಬ್ಬ ನಗುವ ಮುಖದ ಚಿತ್ರ ಹಾಕಿ ಕೈ ತೊಳೆದುಕೊಂಡ. ಚಹಾದ ಹೊತ್ತಿನಲ್ಲಿ ಆ ಸಾಲುಗಳನ್ನು ಅವಳು ಗಟ್ಟಿಯಾಗಿ ಓದುತ್ತಿದ್ದಳು. ಕಳ್ಳಿ ಎಂಬ ಪದ ಬಂದಾಗ ಮಾತ್ರ ದನಿ ಇಳಿಯುತ್ತಿತ್ತು. ಕೇಳಿಸಿಕೊಳ್ಳುವ ನನ್ನ ಮೈಯೇ ಉರಿಯುತ್ತಿತ್ತು. ಅವಳದು ಹೇಗಿದ್ದಿರಬೇಕು?

ಒಂದು ಮಧ್ಯಾಹ್ನ ಆ ಕಂಪನಿಯವನೇ ವಿಡಿಯೋ ಕರೆ ಮಾಡಿದ. ಇಸ್ತ್ರಿ ಮಾಡಿದ ಅಂಗಿ, ಜೇನಿನಂಥ ಮಾತು. ಅಕ್ಕ ಫೋನನ್ನು ಸೋಪಿನ ಡಬ್ಬಕ್ಕೆ ಒರಗಿಸಿಟ್ಟು ಎದುರು ನಿಂತಳು.

"ಮೇಡಂ, ನಿಮ್ಮ ಆಟದಿಂದ ನಮಗೆ ತುಂಬಾ ಸ್ಫೂರ್ತಿ ಸಿಕ್ತು," ಅಂದ.

"ಸ್ಫೂರ್ತಿನಾ? ನನ್ನ ನಲವತ್ತೊಂದನೇ ಹಂತದ ತಪ್ಪೂ ಸ್ಫೂರ್ತಿಯಿಂದ ಬಂತಾ?"

"ಯಾವ ತಪ್ಪು ಮೇಡಂ?"

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಅವನು ಆ ಆಟವನ್ನು ಅಲ್ಲಿಯವರೆಗೆ ಆಡಿಯೇ ಇರಲಿಲ್ಲ.

"ನಿಮ್ಮ ತಲೆ ಚೆನ್ನಾಗಿ ಓಡುತ್ತೆ. ನಮಗೆ ಇನ್ನೊಂದು ಐವತ್ತು ಹಂತ ಮಾಡಿಕೊಡಿ. ಹಂತಕ್ಕಿಷ್ಟು ಅಂತ ಮಾತಾಡ್ಕೊಳ್ಳೋಣ. ನಮ್ಮ ಹುಡುಗರು ಮೂರು ಜನ ಹನ್ನೊಂದೇ ದಿನದಲ್ಲಿ ಇಡೀ ಗೇಮ್ ಎಬ್ಬಿಸಿದ್ರು, ಆದ್ರೆ ಹೊಸ ಹಂತ ಮಾಡೋಕೆ ಕೂತ್ರೆ ಅವರಿಗೆ ಬರ್ತಾ ಇಲ್ಲ."

ಯಂತ್ರಗಳ ಸದ್ದಿನ ನಡುವೆಯೂ ಅಕ್ಕನ ಉಸಿರು ನನಗೆ ಕೇಳಿಸುತ್ತಿತ್ತು.

"ಹನ್ನೊಂದು ದಿನ," ಅಂದಳು. "ನನ್ನ ನಾಲ್ಕು ವರ್ಷವನ್ನ ಹನ್ನೊಂದು ದಿನದಲ್ಲಿ ಎತ್ಕೊಂಡು ಹೋಗಿ, ಈಗ ಹೊಸದು ಬರ್ತಿಲ್ಲ ಅಂತ ನನ್ನ ಬಾಗಿಲಿಗೇ ಬಂದಿದ್ದೀಯಲ್ಲ, ನಿನ್ನ ಮುಖಕ್ಕೆ ಚರ್ಮ ಇದೆಯೋ ರೆಕ್ಸಿನ್ ಇದೆಯೋ? ಕಾನೂನು ನಿನ್ನ ಹಿಡಿಯಲ್ಲ, ಗೊತ್ತು. ಕಾನೂನಿಗೆ ಗೊತ್ತಿಲ್ಲದ ಹೆಸರು ನನಗೆ ಗೊತ್ತು. ಕಳ್ಳ. ನಿನ್ನ ಮೂರು ಜನ ಹುಡುಗರಿಗೂ ಹೇಳು, ಲಾಂಡ್ರಿ ಹೆಂಗಸು ಕಳ್ಳರು ಅಂದ್ಲು ಅಂತ."

ಕರೆ ಕಡಿದ ಮೇಲೂ ಐದು ನಿಮಿಷ ಬೈಯುತ್ತಲೇ ಇದ್ದಳು, ಸೋಪಿನ ಡಬ್ಬಕ್ಕೆ.

ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಸಮಾಧಾನ ಮಾಡಲೆಂದು ಬಾಯಿ ತೆರೆದವಳು, "ಹೋಗಲಿ ಬಿಡಕ್ಕ. ಕಲೆ ಒಳಗೆ ಹಾಕಿ ಮಡಚೋದನ್ನ ನೀನೂ ದೊಡ್ಡಕ್ಕನಿಂದ ತಾನೇ ಕಲಿತಿದ್ದು?" ಅಂದುಬಿಟ್ಟೆ.

ದೊಡ್ಡಕ್ಕ ಎಂದರೆ ನಮ್ಮಿಬ್ಬರಿಗೂ ಕೆಲಸ ಕಲಿಸಿದ ಹಿರಿಯ ಹೆಂಗಸು, ಆರು ವರ್ಷದ ಹಿಂದೆ ನಿವೃತ್ತಿಯಾದವಳು. ನನ್ನ ಮಾತು ಸುಳ್ಳಾಗಿರಲಿಲ್ಲ. ಅದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತು. ಅಕ್ಕ ನನ್ನನ್ನೊಮ್ಮೆ ನೋಡಿ ಮೇಜಿಗೆ ತಿರುಗಿದಳು. ಮೂರು ವಾರ ನನ್ನೊಡನೆ ತುಟಿ ಬಿಚ್ಚಲಿಲ್ಲ. ಒಂದೇ ಹಾಸಿನ ಎರಡು ತುದಿ ಹಿಡಿದುಕೊಂಡು, ಮಾತಿಲ್ಲದೆ, ದಿನಕ್ಕೆ ನಾನೂರು ಸಲ ಎದುರುಬದುರು ನಡೆದು ಬಂದು ಅಂಚು ಕೂಡಿಸುವುದು ಎಂಥ ಶಿಕ್ಷೆ ಎಂದು ಮಾಡಿದವರಿಗೇ ಗೊತ್ತು.

ನಾಲ್ಕನೇ ವಾರ ಅವಳೇ, "ಭಾನುವಾರ ದೊಡ್ಡಕ್ಕನ ಮನೆಗೆ ಹೋಗ್ತಿದ್ದೀನಿ. ಬರ್ತೀಯಾ?" ಅಂದಳು. ನಾನು ಚಪ್ಪಲಿ ಮೆಟ್ಟಲೂ ತಡಮಾಡಲಿಲ್ಲ.

ದೊಡ್ಡಕ್ಕನದು ಮೂರನೇ ಮಹಡಿಯ ಒಂದೂವರೆ ಕೋಣೆಯ ಮನೆ. ಮಂಡಿ ಸವೆದು ಕುರ್ಚಿಯಲ್ಲೇ ಇದ್ದಳು. ಅಕ್ಕ ಅವಳ ಮುಂದೆ ನೆಲದ ಮೇಲೆ ಕೂತು ಎರಡೂ ಆಟ ತೋರಿಸಿದಳು. ಆಮೇಲೆ ತಲೆ ತಗ್ಗಿಸಿ, "ಮಡಿಕೆ ನಿನ್ನದು. ನಾನು ನಿನ್ನ ಕೇಳದೇ ಮಾಡಿದೆ. ನಾನೂ ಅವರಂಗೇನಾ ದೊಡ್ಡಕ್ಕ?" ಅಂದಳು.

ದೊಡ್ಡಕ್ಕನಿಗೆ ಬಂದ ಸಿಟ್ಟು ನೋಡಬೇಕಿತ್ತು.

"ಎಂಥ ಮಾತು ಅಂತ ಆಡ್ತೀಯೇ? ನಾನು ನಿನ್ನನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು, ಮಣಿಕಟ್ಟಿನ ಮೇಲೆ ಹೊಡೆದು ಕಲಿಸಿದ್ದು. ಭುಜ ಬೀಳೋವರೆಗೂ ಮಡಚಿದ್ದೀಯ. ಆಮೇಲೆ ನನ್ನ ಕನಸಲ್ಲೂ ಇಲ್ಲದ್ದೇನೋ ಮಾಡಿದ್ದೀಯ. ಆ ಅಂಗಿಯವನು ಜನ್ಮದಲ್ಲಿ ಒಂದು ಟವೆಲ್ಲಾದ್ರೂ ಮಡಚಿದ್ದಾನಾ ಕೇಳು! ಹೆಂಡ್ತಿ ಮಡಚಿಟ್ಟಿದ್ದು ತೊಟ್ಕೊಂಡು ಬಂದಿರ್ತಾನೆ." ಆಮೇಲೆ ನನ್ನ ಕಡೆ ತಿರುಗಿದಳು. "ನಿನ್ನ ನಾಲಿಗೆಗೂ ಒಂದು ಮಡಿಕೆ ಹಾಕ್ಬೇಕು."

ಅಕ್ಕ ಆ ತಿಂಗಳಲ್ಲಿ ಮೊದಲ ಸಲ ನಕ್ಕಳು. ಆಟದ ಮೊದಲ ಪರದೆಯ ಮೇಲೆ 'ಮಡಚಲು ಕಲಿಸಿದವರು ದೊಡ್ಡಕ್ಕ' ಎಂಬ ಸಾಲು ಆಮೇಲೆ ಬಂದದ್ದು.

ಬೆಕ್ಕಿನ ಆಟವನ್ನು ಯಾರೂ ಸೋಲಿಸಲಿಲ್ಲ. ಅರವತ್ತು ಹಂತ ಮುಗಿಸಿದವರಿಗೆ ಮುಂದೆ ಏನೂ ಸಿಗಲಿಲ್ಲ, ಜನ ಬೇಸತ್ತು ಬಿಟ್ಟರು. ಕಂಪನಿ ಮುಂದಿನ ಬೇಟೆಗೆ ಹೊರಟಿತು. ಹಡಗುಕಟ್ಟೆಯಲ್ಲಿ ಟಿಕೆಟ್ ಹರಿಯುತ್ತಿದ್ದ ಒಬ್ಬರು ದೋಣಿಯ ಮೇಲೆ ವಾಹನ ತುಂಬುವ ಆಟ ಮಾಡಿದ್ದರು. ಕಂಪನಿಯವರು ಅದಕ್ಕೆ ನಾಯಿಯ ಚಿತ್ರ ಅಂಟಿಸಿ ಬಿಟ್ಟರು. ಅಕ್ಕ ಆ ಮನುಷ್ಯನ ವಿಳಾಸ ಪತ್ತೆಮಾಡಿ ಬರೆದಳು. ಅವರು ಫೋನು ಮಾಡಿದವರು ಅಳುತ್ತಿದ್ದರಂತೆ.

"ಅಳೋದು ಆಮೇಲೆ ಅಳಿ ಅಣ್ಣ," ಎಂದು ಗದರಿದಳು. "ಮೊದಲು ಅವರ ಆಟ ಇಳಿಸ್ಕೊಳ್ಳಿ. ಚಿತ್ರ ಒಂದೊಂದೂ ನೋಡಿ, ಸದ್ದು ಒಂದೊಂದೂ ಕೇಳಿ. ನಿಮ್ಮ ಹಳೇ ಕಾಗದ ಒಂದನ್ನೂ ಬಿಸಾಡಬೇಡಿ. ನಾಳೆ ಬೆಳಗ್ಗೆ ಒಳಗೆ ನನಗೆ ಹೇಳಬೇಕು."

ಮರುದಿನ ನಾಯಿಯ ಆಟದಲ್ಲಿ ಅವರದೇ ದೋಣಿಯ ಸಿಳ್ಳೆ ಸಿಕ್ಕಿತು. ಆಮೇಲೆ ಅದೇ ಕಂಪನಿಯ ಮತ್ತೊಂದು ಆಟದಲ್ಲಿ ಇನ್ನೊಬ್ಬ ಹೆಂಗಸು ಬಿಡಿಸಿದ ಹೂಕುಂಡದ ಚಿತ್ರ ಸಿಕ್ಕಿತು. ಒಂದೇ ಕಂಪನಿಯ ಮೇಲೆ ಮೂರು ದೂರು ರುಜುವಾತಾದಾಗ ಅಂಗಡಿಯವರು ಅದರ ಖಾತೆಯನ್ನೇ ಮುಚ್ಚಿದರು. ಈ ಸಲ ಅಕ್ಕ ಯಾರಿಗೂ ಚಹಾ ಕೊಡಿಸಲಿಲ್ಲ. ಎರಡು ತಿಂಗಳಲ್ಲಿ ಅದೇ ಅಂಗಿಯವನು ಬೇರೆ ಹೆಸರಿನ ಬೋರ್ಡು ಹಾಕಿಕೊಂಡು ಬಂದ. ಅಕ್ಕನ ಬಳಿ ಆ ಹೆಸರೂ ಬರೆದಿಟ್ಟದ್ದಿದೆ.

ಅವಳ ಸಿಟ್ಟು ಇಳಿಯಿತೇ ಎಂದರೆ, ಇಲ್ಲ. ಇಳಿಯಬೇಕೆಂದು ನನಗೂ ಈಗ ಅನ್ನಿಸುವುದಿಲ್ಲ. ಹೋದ ತಿಂಗಳು ಅವಳ ಎರಡನೇ ಆಟ ಹೊರಬಂತು. ಸ್ಟ್ರೆಚರು, ಗಾಲಿಕುರ್ಚಿ, ಊಟದ ಟ್ರಾಲಿಗಳನ್ನು ಒಂದೇ ಲಿಫ್ಟಿನಲ್ಲಿ ಮೇಲೆ ಕೆಳಗೆ ಸಾಗಿಸುವ ಆಟ. ಭಾವ ಪ್ರತಿ ಹಂತಕ್ಕೂ, ಇಷ್ಟು ಭಾರ ಹಾಕಿದ್ರೆ ನನ್ನ ಲಿಫ್ಟು ನಿಂತುಹೋಗುತ್ತೆ ಎಂದು ತಕರಾರು ತೆಗೆದಿದ್ದರಂತೆ.

ನಿನ್ನೆ ಮೇಜಿನ ಬಳಿ ಅಕ್ಕ ಮುಖ ಗಂಟಿಕ್ಕಿಕೊಂಡು ನಿಂತಿದ್ದಳು.

"ಏನಾಯ್ತಕ್ಕ? ಇದನ್ನೂ ಕದ್ರಾ?" ಎಂದೆ ಗಾಬರಿಯಿಂದ.

"ಇಪ್ಪತ್ತು ದಿನ ಆಯ್ತು, ಒಬ್ಬನೂ ಕದ್ದಿಲ್ಲ," ಅಂದಳು, ಹಾಸನ್ನು ಫಟ್ಟನೆ ಝಾಡಿಸಿ. "ಯಾಕಂತೆ? ಏನು ಕಮ್ಮಿಯಾಗಿದೆ ಇದರಲ್ಲಿ?"